ನಾರ್ವೆಯಲ್ಲಿ ಗೆಳೆಯರ ಜೊತೆ ಸೈಕಲ್ ಪ್ರವಾಸ: ಯಾವ ದಾರಿ ಯಾರಿಗೆ?

ನಾಲ್ಕೈದು ಗೆಳೆಯರು ಸೇರಿ ನಾರ್ವೆಯಲ್ಲಿ ಸೈಕಲ್ ತುಳಿಯೋಣ ಅಂತ ಮಾತಾಡಿಕೊಂಡ ಮೇಲೆ ವಾಟ್ಸಾಪ್ ಗುಂಪಿನಲ್ಲಿ ಚರ್ಚೆ ಶುರುವಾಗುತ್ತದೆ. ಒಬ್ಬನಿಗೆ ಲೊಫೋಟೆನ್ ದ್ವೀಪಗಳ ಫೋಟೊ ತಲೆಗೆ ಹತ್ತಿರುತ್ತದೆ. ಇನ್ನೊಬ್ಬಳಿಗೆ ಯುರೋಪಿನ ಉತ್ತರದ ತುತ್ತತುದಿ ಅನ್ನಿಸಿಕೊಂಡ ನೂರ್‌ಕಾಪ್ ಮುಟ್ಟಲೇಬೇಕು. ಮೂರನೆಯವನಿಗೆ ಒಂದು ವಾರಕ್ಕಿಂತ ಜಾಸ್ತಿ ರಜೆ ಸಿಗುವುದಿಲ್ಲ. ನಾಲ್ಕನೆಯವರು ‘ನೀವು ಹೇಳಿದ ಕಡೆ ಬರ್ತೀನಿ, ಒಟ್ಟು ಎಷ್ಟಾಗುತ್ತೆ ಹೇಳಿ’ ಅಂತ ಕೇಳಿ ಸುಮ್ಮನಾಗುತ್ತಾರೆ. ನನ್ನ ಪ್ರಕಾರ ಚರ್ಚೆ ಈ ನಾಲ್ಕನೆಯವರಿಂದ ಶುರುವಾಗಬೇಕು.

ನಾರ್ವೆಯಲ್ಲಿ ‘ಯಾವ ದಾರಿ ಚೆನ್ನಾಗಿದೆ’ ಅಂತ ಕೇಳಿ ಪ್ರಯೋಜನವಿಲ್ಲ. ಎಲ್ಲವೂ ಚೆನ್ನಾಗಿವೆ. ಒಬ್ಬರೇ ಹೋಗುವುದಾದರೆ ಯಾವುದನ್ನಾದರೂ ಆರಿಸಿಕೊಳ್ಳಬಹುದು. ಗುಂಪಾಗಿ ಹೊರಟಾಗ ಕೇಳಬೇಕಾದ ಪ್ರಶ್ನೆ ಬೇರೆ: ನಮ್ಮಲ್ಲಿ ಎಲ್ಲರಿಗಿಂತ ನಿಧಾನವಾಗಿ ತುಳಿಯುವವರಿಗೆ ಮೂರನೇ ದಿನ ಮಂಡಿ ನೋವು ಬಂದರೆ, ಅವರು ಅಲ್ಲಿಂದ ಹೇಗೆ ಮುಂದೆ ಹೋಗುತ್ತಾರೆ? ರೈಲು ಇದೆಯಾ, ಹಡಗು ಇದೆಯಾ, ಅಥವಾ ಎಲ್ಲರೂ ಅವರ ಜೊತೆ ಕೂತು ಕಾಯಬೇಕಾ? ಈ ಅನುಕೂಲ ಇರುವ ದಾರಿಯಲ್ಲಿ ಸ್ನೇಹ ಉಳಿಯುತ್ತದೆ.

ಇದರ ಜೊತೆ ಇನ್ನು ನಾಲ್ಕು ವಿಷಯ ಅಳೆದು ನೋಡಿ. ಎಷ್ಟು ದಿನ ರಜೆ ಇದೆ, ವಿಮಾನದ ದಿನಗಳನ್ನು ಕಳೆದು. ರಾತ್ರಿ ಎಲ್ಲಿ ಮಲಗುತ್ತೀರಿ, ಯಾಕೆಂದರೆ ಖರ್ಚಿನ ದೊಡ್ಡ ಪಾಲು ಅಲ್ಲೇ ಹೋಗುವುದು. ಪಕ್ಕದಲ್ಲೇ ಕ್ಯಾಂಪರ್ ವ್ಯಾನ್‌ಗಳು ಹಾದುಹೋಗುವಾಗ, ಸುರಂಗದೊಳಗೆ ಲಾರಿ ಸದ್ದು ಬರುವಾಗ ಗುಂಪಿನಲ್ಲಿ ಯಾರಿಗೆ ಎಷ್ಟು ಧೈರ್ಯ ಇದೆ. ಕೊನೆಯದು, ಸ್ವಂತ ಸೈಕಲ್ ಒಯ್ಯುತ್ತೀರಾ, ಅಲ್ಲೇ ಬಾಡಿಗೆಗೆ ತಗೋತೀರಾ.

ಇಷ್ಟು ಇಟ್ಟುಕೊಂಡು ನಾಲ್ಕು ದಾರಿ ನೋಡೋಣ.

ರಾಲ್ಲರ್‌ವೇಗನ್: ರಜೆ ಕಡಿಮೆ ಇರುವವರಿಗೆ

ಓಸ್ಲೋ ಮತ್ತು ಬರ್ಗೆನ್ ನಡುವಿನ ರೈಲು ಮಾರ್ಗ 1909ರಲ್ಲಿ ಶುರುವಾಯಿತು. ಅದನ್ನು ಕಟ್ಟುವಾಗ ಕೂಲಿಯವರನ್ನೂ ಸಾಮಾನನ್ನೂ ಸಾಗಿಸಲು ಬೆಟ್ಟದ ಮೇಲೆ ಮಾಡಿಕೊಂಡ ರಸ್ತೆಯೇ ಇವತ್ತಿನ ಈ ಸೈಕಲ್ ದಾರಿ. ಹೌಗಾಸ್ಟೊಲ್‌ನಿಂದ ಫಿನ್ಸೆ, ಮಿರ್ದಾಲ್ ದಾಟಿ ಸಮುದ್ರಮಟ್ಟದ ಫ್ಲೋಮ್‌ವರೆಗೆ ಸುಮಾರು 80 ಕಿಲೋಮೀಟರ್. ಬಹುಪಾಲು ಜಲ್ಲಿಕಲ್ಲಿನ ದಾರಿ, ಕಾರುಗಳ ಕಾಟ ಇಲ್ಲವೆನ್ನುವಷ್ಟು ಕಡಿಮೆ. ಹೌಗಾಸ್ಟೊಲ್ ಸುಮಾರು 1,000 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ನಿಧಾನವಾಗಿ ಏರಿ 1,343 ಮೀಟರ್ ತಲುಪಿದ ಮೇಲೆ ಹೆಚ್ಚಾಗಿ ಇಳಿಜಾರೇ. ಒಟ್ಟು ಏರು ನೋಡಿದರೆ ನಂದಿ ಬೆಟ್ಟ ಹತ್ತಿದವರು ಹೆದರಬೇಕಾಗಿಲ್ಲ. ಕಷ್ಟ ಕೊಡುವುದು ಕಲ್ಲು.

ಮಿರ್ದಾಲ್‌ನಿಂದ ಕೆಳಗಿಳಿಯುವ ಮೊದಲ ತುಂಡು ಮಾತ್ರ ಹುಷಾರು. ಒಂದರ ಕೆಳಗೆ ಒಂದು 21 ಹೇರ್‌ಪಿನ್ ತಿರುವು, ಮೇಲೆಲ್ಲ ಸಡಿಲ ಕಲ್ಲು. ಬ್ರೇಕ್ ಹಿಡಿದು ಹಿಡಿದು ಬೆರಳು ಜೋಮು ಹಿಡಿಯುತ್ತದೆ. ಇಳಿದು ತಳ್ಳಿಕೊಂಡು ಹೋಗಿ, ಅಲ್ಲಿ ಯಾರೂ ನಗುವುದಿಲ್ಲ.

ಗುಂಪಿನ ದೃಷ್ಟಿಯಿಂದ ಈ ದಾರಿಯ ದೊಡ್ಡ ಗುಣ ರೈಲು. ಹಳಿ ಪಕ್ಕದಲ್ಲೇ ಇದೆ. ಫಿನ್ಸೆಗೆ ಕಾರಿನ ರಸ್ತೆಯೇ ಇಲ್ಲ, ಜನ ಬರುವುದು ರೈಲಿನಲ್ಲಿ. ಯಾರಿಗಾದರೂ ಸಾಕೆನಿಸಿದರೆ ಫಿನ್ಸೆಯಲ್ಲೋ ಮಿರ್ದಾಲ್‌ನಲ್ಲೋ ರೈಲು ಹತ್ತಬಹುದು. ಹೌಗಾಸ್ಟೊಲ್‌ ಮತ್ತು ಫಿನ್ಸೆಯಲ್ಲಿ ಬಾಡಿಗೆ ಸೈಕಲ್ ಸಿಗುತ್ತದೆ, ಫ್ಲೋಮ್‌ನಲ್ಲಿ ಬಿಟ್ಟು ಬರಬಹುದು. ಬೆಂಗಳೂರಿನಿಂದ ಸೈಕಲ್ ಬಿಚ್ಚಿ ಪೆಟ್ಟಿಗೆಗೆ ತುಂಬುವ ತಲೆನೋವೇ ಇಲ್ಲ.

ತೊಂದರೆ ಎರಡು. ಮೊದಲನೆಯದು ಹಿಮ. ಜುಲೈ ಮಧ್ಯದವರೆಗೂ, ಕೆಲವು ವರ್ಷ ಅದಕ್ಕಿಂತ ಆಮೇಲೂ ಫಿನ್ಸೆ ಆಚೆ ದಾರಿಯ ಮೇಲೆ ಹಿಮ ಬಿದ್ದಿರುತ್ತದೆ, ಸೈಕಲ್ ಹೊತ್ತು ದಾಟಬೇಕು. ಆಗಸ್ಟ್ ಮತ್ತು ಸೆಪ್ಟೆಂಬರ್ ಮೊದಲ ವಾರಗಳು ಒಳ್ಳೆಯವು. ಮೇ ರಜೆಗೆ ಹೋಗುವ ಯೋಚನೆ ಇದ್ದರೆ ಈ ದಾರಿಯನ್ನು ಮರೆತುಬಿಡಿ. ಎರಡನೆಯದು, ಇದು ಎರಡು ದಿನದ ದಾರಿ. ಎಳೆದರೆ ಮೂರು. ‘ದೂರ ಪ್ರಯಾಣ’ದ ಆಸೆ ಇಟ್ಟುಕೊಂಡು ಬಂದವರಿಗೆ ಶುರುವಾಗುವಷ್ಟರಲ್ಲೇ ಮುಗಿದಂತೆ ಅನಿಸುತ್ತದೆ. ಓಸ್ಲೋ, ಬರ್ಗೆನ್ ನೋಡುವ ಮಾಮೂಲಿ ಪ್ರವಾಸದೊಳಗೆ ಸೇರಿಸಿಕೊಂಡರೆ ಸರಿಹೋಗುತ್ತದೆ.

ಲೊಫೋಟೆನ್: ಫೋಟೊ ನೋಡಿ ಮನಸೋತವರಿಗೆ

ದ್ವೀಪಗಳ ತುದಿಯಲ್ಲಿ ‘ಓ’ ಅನ್ನುವ ಒಂದಕ್ಷರದ ಊರಿದೆ. ಅಲ್ಲಿಂದ ಸ್ವೋಲ್ವಾರ್ ಪಟ್ಟಣಕ್ಕೆ ಇ10 ಹೆದ್ದಾರಿಯಲ್ಲಿ ನೇರ ಹೋದರೆ ಸುಮಾರು 130 ಕಿಲೋಮೀಟರ್. ಬ್ರೆವೆ (ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಓಡಿಸುವ ನಮ್ಮ ಬೆಂಗಳೂರಿನವರು ಒಂದೇ ದಿನದಲ್ಲಿ ಮುಗಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಐದಾರು ದಿನ ಇಟ್ಟುಕೊಳ್ಳಿ. ರೈನೆ, ನುಸ್‌ಫ್ಯೂರ್, ಹೆನಿಂಗ್ಸ್‌ವಾರ್, ಉನ್‌ಸ್ಟಾಡ್ ಕಡಲತೀರ, ಎಲ್ಲವೂ ಹೆದ್ದಾರಿಯಿಂದ ಪಕ್ಕಕ್ಕೆ ಸರಿದರೇ ಸಿಗುವುದು. ಲೆಕ್ನೆಸ್‌ನಿಂದ ಸ್ಟಾಮ್ಸುಂಡ್ ಕಡೆ ತಿರುಗಿ ದಕ್ಷಿಣದ ಕರಾವಳಿ ಹಿಡಿಯುವ 815 ನಂಬರಿನ ರಸ್ತೆ ಇದೆ. ಇ10ಕ್ಕಿಂತ ಇಲ್ಲಿ ಗಾಡಿ ಕಡಿಮೆ, ಸಮುದ್ರ ಹತ್ತಿರ. ನನ್ನ ಓಟು ಯಾವಾಗಲೂ ಇದಕ್ಕೇ.

ಇಲ್ಲಿಗೆ ಬರುವ ಸುಲಭದ ದಾರಿ ಬೋಡೊ ಪಟ್ಟಣದಿಂದ. ಬೋಡೊದಿಂದ ಮೊಸ್ಕೆನೆಸ್‌ಗೆ ದೊಡ್ಡ ಫೆರಿ ಇದೆ, ಮೂರರಿಂದ ನಾಲ್ಕು ತಾಸು. ಇಳಿದರೆ ‘ಓ’ ಊರು ಐದಾರು ಕಿಲೋಮೀಟರ್. ವಾಪಸ್ ಬರುವಾಗ ಸ್ವೋಲ್ವಾರ್‌ನಿಂದ ಬೋಡೊಗೆ ವೇಗದ ದೋಣಿ. ಅದರಲ್ಲಿ ಸೈಕಲ್‌ಗೆ ಜಾಗ ಸೀಮಿತ, ಐದು ಸೈಕಲ್ ಒಟ್ಟಿಗೆ ಹೋದರೆ ಕೆಲವೊಮ್ಮೆ ಕಷ್ಟ.

ಈಗ ಕಹಿ ಮಾತು. ಜುಲೈನಲ್ಲಿ ಲೊಫೋಟೆನ್ ತುಂಬಿ ತುಳುಕುತ್ತದೆ. ಇ10 ಅಗಲವಾದ ರಸ್ತೆಯೇನಲ್ಲ, ಅದರ ಮೇಲೆ ಮನೆಯಷ್ಟು ಅಗಲದ ಕ್ಯಾಂಪರ್ ವ್ಯಾನ್‌ಗಳು ಸಾಲುಗಟ್ಟಿರುತ್ತವೆ. ನಪ್‌ಸ್ಟ್ರೌಮ್ ಸುರಂಗ ಸಮುದ್ರದ ಕೆಳಗೆ ಹೋಗುತ್ತದೆ, ಸುಮಾರು 1.8 ಕಿಲೋಮೀಟರ್. ಸೈಕಲ್‌ಗೆ ಅವಕಾಶ ಇದೆ. ಆದರೆ ಅರ್ಧ ದಾರಿ ಜಾರಿಕೊಂಡು ಹೋಗಿ ಇನ್ನರ್ಧ ಏರುವಾಗ ಹಿಂದಿನಿಂದ ಬರುವ ಗಾಡಿಯ ಸದ್ದು ಗೋಡೆಗೆ ಬಡಿದು ಎಷ್ಟು ಹತ್ತಿರ ಇದೆ ಅಂತಲೇ ಗೊತ್ತಾಗುವುದಿಲ್ಲ. ಪ್ರತಿಫಲಿಸುವ ಜಾಕೆಟ್, ಹಿಂದೆ ಮಿನುಗುವ ಕೆಂಪು ದೀಪ ಇಲ್ಲದೆ ಒಳಗೆ ಕಾಲಿಡಬೇಡಿ.

ಇದಕ್ಕೆ ಒಂದು ಉಪಾಯ ಇದೆ. ಸ್ವೋಲ್ವಾರ್ ಸುತ್ತ ಮೇ 28ರಿಂದ ಜುಲೈ 14ರವರೆಗೆ ಸೂರ್ಯ ಮುಳುಗುವುದಿಲ್ಲ. ಮಧ್ಯಾಹ್ನ ನಿದ್ದೆ ಮಾಡಿ, ಊಟ ಮುಗಿಸಿ ರಾತ್ರಿ ಹತ್ತಕ್ಕೆ ಹೊರಡಿ. ರಸ್ತೆ ಖಾಲಿ, ಬೆಳಕು ಹಳದಿ, ಬಂಡೆಗಳೆಲ್ಲ ಬಂಗಾರ. ಎಲ್ಲರೂ ನೋಡಿದ ಆ ಫೋಟೊಗಳು ಎಷ್ಟೋ ಇಂಥ ಹೊತ್ತಿನವೇ.

ಖರ್ಚಿನಲ್ಲಿ ನಾಲ್ಕರಲ್ಲಿ ಇದೇ ದುಬಾರಿ. ಮೀನುಗಾರರ ಕೆಂಪು ಮರದ ಮನೆ ರೋರ್‌ಬು ಈಗ ಪ್ರವಾಸಿಗರ ಬಾಡಿಗೆ ಮನೆ. ನಾಲ್ಕು ಜನ ಹಂಚಿಕೊಂಡರೂ ಜೇಬಿಗೆ ಬಿಸಿ ತಟ್ಟುತ್ತದೆ. ಟೆಂಟ್ ಹಾಕೋಣ ಅಂದರೆ ಜನ ಜಾಸ್ತಿಯಾಗಿ ಹಲವು ಕಡೆ ಸ್ಥಳೀಯ ನಿಷೇಧದ ಬೋರ್ಡು ಬಂದಿದೆ. ಸುಸ್ತಾದವರಿಗೆ ಬಸ್ ಇದೆ, ಆದರೆ ಸೈಕಲ್ ಹತ್ತಿಸಿಕೊಳ್ಳುವುದು ಜಾಗ ಇದ್ದರೆ ಮಾತ್ರ.

ಕರಾವಳಿಯ ರಸ್ತೆ 17: ನನ್ನ ಆಯ್ಕೆ

ಹೆಸರು ಕೇಳಿದವರು ಕಡಿಮೆ. ಸ್ಟೈನ್‌ಷೆರ್‌ನಿಂದ ಬೋಡೊವರೆಗೆ ಹೆಲ್ಗೆಲಾಂಡ್ ಕರಾವಳಿ ಹಿಡಿದು ಸುಮಾರು 650 ಕಿಲೋಮೀಟರ್, ನಡುವೆ ಆರು ಫೆರಿ. ದಿನಕ್ಕೆ 60ರಿಂದ 70 ಕಿಲೋಮೀಟರ್ ತುಳಿದು, ಮಳೆಗೆಂದು ಒಂದೆರಡು ದಿನ ಬಿಟ್ಟರೆ ಎರಡು ವಾರ ಬೇಕು. ಗಾಳಿ ಬೇಸಿಗೆಯಲ್ಲಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ. ಹಾಗಾಗಿ ದಕ್ಷಿಣದಿಂದ ಉತ್ತರಕ್ಕೆ ಹೋಗಿ, ಬೆನ್ನಿಗೆ ಬಿಟ್ಟಿ ಸಹಾಯ.

ಇದನ್ನು ಗುಂಪಿಗೆ ಯಾಕೆ ಒತ್ತಿ ಹೇಳುತ್ತೇನೆ ಅಂದರೆ ಆ ಫೆರಿಗಳಿಗಾಗಿ. ಯಾವ ಗುಂಪಿನಲ್ಲೂ ಒಬ್ಬ ಜೋರಾಗಿ ತುಳಿಯುವವನು ಇರುತ್ತಾನೆ, ಒಬ್ಬರು ಪ್ರತಿ ತಿರುವಿನಲ್ಲೂ ನಿಂತು ಫೋಟೊ ತೆಗೆಯುತ್ತಾರೆ. ಬೇರೆ ದಾರಿಯಲ್ಲಿ ಇಬ್ಬರ ನಡುವೆ ಸಿಡಿಮಿಡಿ ಶುರುವಾಗಲು ಎರಡು ದಿನ ಸಾಕು. ಇಲ್ಲಿ ಹಾಗಲ್ಲ. ಎಷ್ಟೇ ಜೋರಾಗಿ ಹೋದರೂ ಫೆರಿ ಕಟ್ಟೆಯಲ್ಲಿ ನಿಲ್ಲಲೇಬೇಕು. ಹಡಗು ಬರುವಷ್ಟರಲ್ಲಿ ಹಿಂದಿನವರೂ ಬಂದಿರುತ್ತಾರೆ. ಹಡಗಿನ ಮೂತಿ ಎದ್ದು ಕಾರುಗಳು ಹೊರಬಂದ ಮೇಲೆ ಸೈಕಲ್ ಒಳಗೆ ತಳ್ಳಿ, ಗೋಡೆ ಪಕ್ಕದ ಕಂಬಿಗೆ ಹಗ್ಗದಲ್ಲಿ ಕಟ್ಟಿ, ಒದ್ದೆ ಕೈಗವಸು ಕಳಚಿಕೊಂಡು ಮೇಲೆ ಹೋಗಿ ಕೂತರೆ ಅಷ್ಟು ಹೊತ್ತು ಯಾರೂ ಯಾರಿಗಿಂತಲೂ ಮುಂದಿಲ್ಲ. ಕಿಲ್‌ಬೋಗ್‌ಹಾಮ್ನ್‌ನಿಂದ ಯೆಕ್ಟ್‌ವಿಕ್‌ಗೆ ಹೋಗುವ ಫೆರಿ ಸುಮಾರು ಒಂದು ತಾಸಿನದು. ಅದರ ಮೇಲಿರುವಾಗಲೇ ಆರ್ಕ್ಟಿಕ್ ವೃತ್ತ ದಾಟುತ್ತೀರಿ.

ಇನ್ನು ಸುಸ್ತಾದವರ ವಿಷಯ. 1893ರಲ್ಲಿ ಶುರುವಾಗಿ ಈಗ ಬರ್ಗೆನ್‌ನಿಂದ ಕಿರ್ಕೆನೆಸ್‌ವರೆಗೆ ಓಡುವ ಕರಾವಳಿ ಹಡಗು ಇದೇ ಸಾಲಿನಲ್ಲಿ ಬ್ರನ್ನೊಯ್ಸುಂಡ್, ಸಾಂಡ್‌ನೆಶೋಯೆನ್, ನೆಸ್ನಾ, ಓರ್ನೆಸ್, ಬೋಡೊ, ಇಷ್ಟೂ ಕಡೆ ನಿಲ್ಲುತ್ತದೆ. ಸೈಕಲ್ ಹತ್ತಿಸಿಕೊಳ್ಳುತ್ತಾರೆ. ಮಂಡಿ ನೋವಿನವರು ಬ್ರನ್ನೊಯ್ಸುಂಡ್‌ನಲ್ಲಿ ಹಡಗು ಹತ್ತಿ ಸಾಂಡ್‌ನೆಶೋಯೆನ್‌ನಲ್ಲಿ ಇಳಿದು ಕಾಫಿ ಕುಡಿಯುತ್ತಾ ಉಳಿದವರಿಗೆ ಕಾಯಬಹುದು. ಸ್ಟೈನ್‌ಷೆರ್ ಮತ್ತು ಬೋಡೊ ಎರಡೂ ಟ್ರೋಂಡ್‌ಹೈಮ್‌ನಿಂದ ಬರುವ ಒಂದೇ ರೈಲು ಮಾರ್ಗದಲ್ಲಿವೆ. ಹೋದ ದಾರಿಗೇ ವಾಪಸ್ ಬರುವುದೂ ಸುಲಭ. ಪೂರ್ತಿ ರಜೆ ಇಲ್ಲದವರು ಬ್ರನ್ನೊಯ್ಸುಂಡ್‌ಗೋ ಸಾಂಡ್‌ನೆಶೋಯೆನ್‌ಗೋ ಸಣ್ಣ ವಿಮಾನದಲ್ಲಿ ಬಂದು ಮೇಲಿನ ಅರ್ಧ ಮಾತ್ರ ತುಳಿಯಬಹುದು. ನನ್ನನ್ನು ಕೇಳಿದರೆ ಚೆಂದದ ಅರ್ಧವೂ ಅದೇ.

ದಾರಿಯಲ್ಲಿ ಏನಿದೆ? ಮಧ್ಯದಲ್ಲಿ ಆರಪಾರ ತೂತು ಬಿದ್ದ ಟೋರ್ಗ್‌ಹಾಟನ್ ಬೆಟ್ಟ, ಸಾಲಾಗಿ ನಿಂತ ಏಳು ಸೋದರಿಯರ ಶಿಖರಗಳು, ರಸ್ತೆಯಿಂದಲೇ ಕಾಣುವ ಸ್ವಾರ್ಟಿಸೆನ್ ಹಿಮನದಿ, ಬೋಡೊ ಹತ್ತಿರ ಸುಳಿ ಸುತ್ತುವ ಸಾಲ್ಟ್‌ಸ್ಟ್ರೌಮೆನ್ ಪ್ರವಾಹ. ಒಂದು ದಿನ ಮಿಗಿಸಿದರೆ ವೇಗಾ ದ್ವೀಪ. ಐಡರ್ ಬಾತುಗಳಿಗೆ ಜನರೇ ಗೂಡು ಕಟ್ಟಿಕೊಟ್ಟು ಪುಕ್ಕ ಪಡೆಯುವ ಪದ್ಧತಿಗಾಗಿ 2004ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಹೆಚ್ಚು ಏರಿಳಿತ ಇಲ್ಲ, ದಣಿದ ಕಾಲಿಗೆ ಹೇಳಿ ಮಾಡಿಸಿದ ಜಾಗ.

ಕೊರತೆ ಇಲ್ಲವೆಂದಲ್ಲ. ಸುರಂಗಗಳಿವೆ. ಸ್ವಾರ್ಟಿಸೆನ್ ಸುರಂಗ 7.6 ಕಿಲೋಮೀಟರ್ ಉದ್ದ, ಅದರೊಳಗೆ ಸೈಕಲ್ ಬಿಡುವುದಿಲ್ಲ. ಸೈಕಲ್ ಸವಾರರು ವಾಸ್‌ದಾಲ್ಸ್‌ವಿಕ್‌ನಿಂದ ಓರ್ನೆಸ್‌ಗೆ ಸಣ್ಣ ದೋಣಿ ಹಿಡಿಯುತ್ತಾರೆ. ಆ ದೋಣಿಯ ವೇಳಾಪಟ್ಟಿ ನೋಡದೆ ಹೋದರೆ ಅಲ್ಲೇ ಟೆಂಟ್ ಹಾಕಬೇಕಾದೀತು. ಊರುಗಳು ದೂರ ದೂರ, ಸೈಕಲ್ ರಿಪೇರಿ ಅಂಗಡಿ ಅದಕ್ಕಿಂತ ದೂರ. ಮತ್ತೆ ಮಳೆ! ಮಲೆನಾಡಿನ ಜುಲೈ ಮಳೆಯಲ್ಲಿ ತುಳಿದವರು ‘ನಮಗೆ ಮಳೆ ಹೊಸದಾ’ ಅಂತಾರೆ. ನಮ್ಮದು ಬೆಚ್ಚಗಿನ ಮಳೆ ಸ್ವಾಮಿ. ಅಲ್ಲಿ ಹತ್ತು ಹನ್ನೆರಡು ಡಿಗ್ರಿ ಚಳಿಯಲ್ಲಿ ಅಡ್ಡಗಾಳಿ ಹೊಡೆಯುತ್ತಾ ಬರುವ ಮಳೆ. ಒಳ್ಳೆಯ ಮಳೆ ಜಾಕೆಟ್‌ಗೆ ದುಡ್ಡು ಹಾಕಿ, ಉಳಿಸುವುದಾದರೆ ಬೇರೆಲ್ಲಾದರೂ ಉಳಿಸಿ.

ಬಾಡಿಗೆ ಸೈಕಲ್ ಒಂದು ಊರಲ್ಲಿ ತಗೊಂಡು 650 ಕಿಲೋಮೀಟರ್ ಆಚೆ ಬಿಡುವುದು ಸುಲಭವಲ್ಲ. ಪೂರ್ತಿ ದಾರಿಗಾದರೆ ಸ್ವಂತ ಸೈಕಲ್ ಒಯ್ಯುವುದೇ ಸರಿ.

ಆಲ್ಟಾದಿಂದ ನೂರ್‌ಕಾಪ್: ಹಟ ಇದ್ದವರಿಗೆ

ಸುಮಾರು 240 ಕಿಲೋಮೀಟರ್. ನಾಲ್ಕೈದು ದಿನ. ಮರವಿಲ್ಲದ ಬಯಲು, ಹಿಮಸಾರಂಗಗಳು, ಗಾಳಿ, ಮತ್ತೆ ಗಾಳಿ. ನೂರ್‌ಕಾಪ್‌ನಲ್ಲಿ ಮೇ 14ರಿಂದ ಜುಲೈ 29ರವರೆಗೆ ರಾತ್ರಿಯೇ ಇಲ್ಲ. ಕೊನೆಗೆ ಮಾಗರೊಯ ದ್ವೀಪಕ್ಕೆ ಹೋಗಲು ಸಮುದ್ರದ ಕೆಳಗೆ 6.87 ಕಿಲೋಮೀಟರ್ ಸುರಂಗ, ಸಮುದ್ರಮಟ್ಟದಿಂದ 212 ಮೀಟರ್ ಕೆಳಗಿಳಿದು ಮತ್ತೆ ಅಷ್ಟೇ ಹತ್ತಬೇಕು. ಒಳಗೆ ತಂಪು, ತೇವ. ವಾಪಸ್ ಬರಲೂ ಅದೇ ಸುರಂಗ, ಇಲ್ಲವೇ ಹೊನ್ನಿಂಗ್ಸ್‌ವೋಗ್‌ನಿಂದ ಹಡಗು ಅಥವಾ ಬಸ್ಸು.

‘ತುತ್ತತುದಿ ಮುಟ್ಟಿದ್ವಿ’ ಅನ್ನುವ ಹೆಮ್ಮೆ ಬೇಕಾದವರಿಗೆ ಇದಕ್ಕೆ ಸಾಟಿಯಿಲ್ಲ. ಆದರೆ ಒಂದು ಮಾತು ಗೊತ್ತಿರಲಿ. ಅದೇ ದ್ವೀಪದ ಪಕ್ಕದ ಚಾಚು ಕ್ನಿವ್‌ಷೆಲ್‌ಒಡನ್ ನೂರ್‌ಕಾಪ್‌ಗಿಂತ ಸುಮಾರು ಒಂದೂವರೆ ಕಿಲೋಮೀಟರ್ ಉತ್ತರಕ್ಕಿದೆ, ಅಲ್ಲಿಗೆ ನಡೆದೇ ಹೋಗಬೇಕು. ಗುಂಪಿನಲ್ಲಿ ಎಲ್ಲರಿಗೂ ಒಂದೇ ಹಟ, ಒಂದೇ ಕಸುವು ಇದ್ದರೆ ಹೋಗಿ. ಒಬ್ಬರಿಗೆ ಅನುಮಾನ ಇದ್ದರೂ ಬೇಡ. ದಾರಿ ಮಧ್ಯೆ ಸುಸ್ತಾದರೆ ಹತ್ತಿ ಕೂರಲು ರೈಲಿಲ್ಲ, ನಿಂತು ಸುಧಾರಿಸಿಕೊಳ್ಳಲು ಊರುಗಳೂ ತೀರಾ ಕಡಿಮೆ.

ದುಡ್ಡು, ಊಟ, ಮಲಗುವ ಜಾಗ

ಒಂದು ಕ್ರೋನ್ ಎಂಟರಿಂದ ಹತ್ತು ರೂಪಾಯಿ ನಡುವೆ ಆಡುತ್ತಿರುತ್ತದೆ. ಹೋಟೆಲಿನಲ್ಲಿ ಒಂದು ಊಟ ಸಲೀಸಾಗಿ 200 ಕ್ರೋನ್ ದಾಟುತ್ತದೆ. ಅಂದರೆ ಮೂರು ಹೊತ್ತೂ ಹೊರಗೆ ತಿಂದರೆ ವಿಮಾನದ ಟಿಕೆಟ್ಟಿಗಿಂತ ಊಟದ ಬಿಲ್ಲೇ ದೊಡ್ಡದಾದೀತು.

ಉಳಿಸುವ ದಾರಿ ಎರಡು. ನಾರ್ವೆಯಲ್ಲಿ 1957ರ ಕಾಯ್ದೆ ಪ್ರಕಾರ ಸಾಗುವಳಿ ಇಲ್ಲದ ಬಯಲಿನಲ್ಲಿ ಯಾರು ಬೇಕಾದರೂ ಟೆಂಟ್ ಹಾಕಬಹುದು. ಹತ್ತಿರದ ಮನೆಯಿಂದ 150 ಮೀಟರ್ ದೂರ ಇರಬೇಕು, ಒಂದೇ ಕಡೆ ಎರಡು ರಾತ್ರಿಗಿಂತ ಜಾಸ್ತಿ ಬೇಡ. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನಲ್ಲಿ, ಕಾಡಿನ ಹತ್ತಿರ ಬೆಂಕಿ ಹಾಕುವಂತಿಲ್ಲ. ಟೆಂಟ್ ಬೇಡ ಅನ್ನುವವರಿಗೆ ಕ್ಯಾಂಪಿಂಗ್ ಜಾಗಗಳಲ್ಲಿ ಹಿಟ್ಟೆ ಅನ್ನುವ ಮರದ ಪುಟ್ಟ ಮನೆಗಳಿವೆ. ನಾಲ್ಕು ಬಂಕ್, ಒಂದು ಒಲೆ. ಹಾಸಿಗೆ ಬಟ್ಟೆ ನಿಮ್ಮದೇ. ಸಾದಾ ಹಿಟ್ಟೆಯೊಂದು ಸಾವಿರ ಕ್ರೋನ್ ಆಸುಪಾಸು, ನಾಲ್ಕರಿಂದ ಭಾಗಿಸಿ. ಗುಂಪಾಗಿ ಹೋಗುವುದರ ಲಾಭ ಲೆಕ್ಕಕ್ಕೆ ಸಿಗುವುದು ಇಲ್ಲೇ. ರಸ್ತೆ 17ರಲ್ಲಿ ಎರಡೂ ಸಿಗುತ್ತವೆ. ಎರಡು ರಾತ್ರಿ ಟೆಂಟ್, ಮೂರನೇ ರಾತ್ರಿ ಹಿಟ್ಟೆ ಅಂತ ಇಟ್ಟುಕೊಂಡರೆ ಬಟ್ಟೆಯೂ ಒಣಗುತ್ತದೆ. ರಾಲ್ಲರ್‌ವೇಗನ್‌ನಲ್ಲಿ ಫಿನ್ಸೆ ಹೋಟೆಲ್ ದುಬಾರಿ ಅನಿಸಿದರೆ ನಾರ್ವೆ ಚಾರಣಿಗರ ಸಂಘದ ವಸತಿ ಇದೆ.

ಸಸ್ಯಾಹಾರಿಗಳಿಗೆ ದಾರಿಯುದ್ದಕ್ಕೂ ಅಂಗಡಿಯೇ ಗತಿ. ರೇಮಾ 1000, ಕಿವಿ, ಕೋಪ್ ಅನ್ನುವ ದಿನಸಿ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ಆಲೂಗಡ್ಡೆ, ಮೊಸರು ಎಲ್ಲ ಸಿಗುತ್ತದೆ. ಭಾನುವಾರ ಬಹುತೇಕ ಅಂಗಡಿ ಬಾಗಿಲು ಹಾಕಿರುತ್ತವೆ, ಶನಿವಾರವೇ ತುಂಬಿಕೊಳ್ಳಿ. ಅವಲಕ್ಕಿ, ಚಟ್ನಿಪುಡಿ, ಸಾರಿನ ಪುಡಿ ಮನೆಯಿಂದ ಒಯ್ಯಿರಿ. ತುಪ್ಪ, ಹಾಲಿನಪುಡಿ, ಪೇಡ ಬೇಡ. ಯುರೋಪಿನ ಹೊರಗಿನಿಂದ ಹಾಲಿನ ಪದಾರ್ಥ ತರಲು ಬಿಡುವುದಿಲ್ಲ. ಒಲೆಯ ಗ್ಯಾಸ್ ಡಬ್ಬಿ ವಿಮಾನದಲ್ಲಿ ನಡೆಯುವುದಿಲ್ಲ, ಅಲ್ಲೇ ಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು?

ವಾರದ ರಜೆ, ಹೊಸ ಸವಾರರು, ಬಾಡಿಗೆ ಸೈಕಲ್ ಅಂದರೆ ಆಗಸ್ಟ್‌ನಲ್ಲಿ ರಾಲ್ಲರ್‌ವೇಗನ್. ಹತ್ತು ದಿನ ಇದೆ, ದುಡ್ಡಿನ ಚಿಂತೆ ಅಷ್ಟಿಲ್ಲ, ಗಾಡಿಗಳ ನಡುವೆ ತುಳಿದು ರೂಢಿ ಇದೆ ಅಂದರೆ ಜೂನ್ ಮೊದಲರ್ಧದಲ್ಲಿ, ಜನ ತುಂಬುವ ಮೊದಲು, ಲೊಫೋಟೆನ್. ಎರಡು ವಾರ, ಬೇರೆ ಬೇರೆ ಕಸುವಿನ, ಬೇರೆ ಬೇರೆ ಜೇಬಿನ ಗೆಳೆಯರು ಅಂದರೆ ಕಣ್ಣುಮುಚ್ಚಿ ರಸ್ತೆ 17. ಮೂರು ವಾರ ಸಿಕ್ಕರೆ ಜಗಳವೇ ಬೇಡ: ರಸ್ತೆ 17 ಮುಗಿಯುವ ಬೋಡೊದಿಂದಲೇ ಲೊಫೋಟೆನ್ ಫೆರಿ ಹೊರಡುತ್ತದೆ. ರಜೆ ಕಡಿಮೆ ಇರುವವರು ಬೋಡೊದಲ್ಲಿ ವಿಮಾನ ಹತ್ತಲಿ, ಉಳಿದವರು ಹಡಗು ಹತ್ತಲಿ.

ನಿರ್ಧಾರಕ್ಕೆ ಮೊದಲು ಒಂದು ಪರೀಕ್ಷೆ ಮಾಡಿ ನೋಡಿ. ಟೆಂಟ್, ಒಲೆ, ಬಟ್ಟೆ ಎಲ್ಲ ಹೇರಿಕೊಂಡು ಇಡೀ ಗುಂಪು ಸತತ ಎರಡು ದಿನ ಸಕಲೇಶಪುರದ ಕಡೆಯೋ ಆಗುಂಬೆ ಕಡೆಯೋ ಮಳೆಯಲ್ಲಿ ತುಳಿಯಿರಿ. ಎರಡನೇ ದಿನ ಸಂಜೆ ಯಾರ ಮುಖ ಹೇಗಿದೆ ಅನ್ನೋದು ಎಲ್ಲವನ್ನೂ ಹೇಳುತ್ತದೆ.

ಆಮೇಲೆ ಬುಕಿಂಗ್. ನಾರ್ವೆ ಯುರೋಪಿಯನ್ ಯೂನಿಯನ್‌ನಲ್ಲಿ ಇಲ್ಲ, ಆದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಷೆಂಗೆನ್ ಗುಂಪಿನಲ್ಲಿದೆ. ಹಾಗಾಗಿ ಷೆಂಗೆನ್ ವೀಸಾ ಸಾಕು, ಹೊರಡುವ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಕಡ್ಡಾಯ. ನಾರ್ವೆಯ ರೈಲಿನಲ್ಲಿ ಸೈಕಲ್‌ಗೆ ಬೇರೆ ಟಿಕೆಟ್, ಒಂದೊಂದು ರೈಲಿನಲ್ಲಿ ಬೆರಳೆಣಿಕೆಯಷ್ಟೇ ಜಾಗ, ಬೇಸಿಗೆಯಲ್ಲಿ ಬೇಗ ಖಾಲಿಯಾಗುತ್ತದೆ. ಐದು ಜನ ಐದು ಸೈಕಲ್ ಅಂದರೆ ಎರಡು ರೈಲಿಗೆ ಹಂಚಿಕೊಳ್ಳಬೇಕಾಗಬಹುದು. ಹಾಗಾಗಿ ರೈಲಿನ ಸೈಕಲ್ ಟಿಕೆಟ್ ಬಿಡುಗಡೆಯಾದ ದಿನವೇ ತಗೊಳ್ಳಿ, ಊರಿಂದ ಊರಿಗೆ ಹೋಗುವ ಸಣ್ಣ ವಿಮಾನದ ಟಿಕೆಟ್ ಆಮೇಲೆ ಅದಕ್ಕೆ ಹೊಂದಿಸಿಕೊಳ್ಳಿ.